ಕೊನೇ ಧಾರೆ

"ಅಕ್ಕಾ, ಹಾಲಿಗೆ ನೀರು ಹಾಕಿದ್ದೀರಿ."

ಔಷಧದಂಗಡಿಯ ಗುಮಾಸ್ತನ ಮಾತಿಗೆ, ಕೊಟ್ಟಿಗೆಯ ಬಾಗಿಲಲ್ಲಿ ಪಾತ್ರೆ ಹಿಡಿದು ನಿಂತಿದ್ದವರೆಲ್ಲ ಒಮ್ಮೆಗೇ ತಿರುಗಿದರು. ಇಷ್ಟು ಜೋರಾಗಿ ಹೇಳಬೇಕೆಂದು ಅವನೇನೂ ಅಂದುಕೊಂಡಿರಲಿಲ್ಲ. ಮೆತ್ತಗೆ ಹೇಳುವುದನ್ನೇ ದಾರಿಯುದ್ದಕ್ಕೂ ಅಭ್ಯಾಸ ಮಾಡಿಕೊಂಡು ಬಂದಿದ್ದ.

ಹಾಲಿನಾಕೆ ಸೆರಗಿಗೆ ಕೈ ಒರೆಸಿಕೊಂಡಳು. "ಯಾರು ಹೇಳಿದ್ದು ತಮ್ಮಾ?"

"ಇದು." ಬಟ್ಟೆಯಲ್ಲಿ ಸುತ್ತಿ ತಂದಿದ್ದ ಲ್ಯಾಕ್ಟೋಮೀಟರನ್ನು, ಹಾಲು ಪರೀಕ್ಷಿಸುವ ಗಾಜಿನ ಕಡ್ಡಿಯನ್ನು, ಬಿಚ್ಚಿ ತೋರಿಸಿದ. "ಮೂರು ದಿನ ಹಾಲು ತಣ್ಣಗಾಗೋವರೆಗೂ ಕಾದು ನೋಡಿದೆ. ಮೂರು ದಿನವೂ ಗೆರೆ ದಾಟಿ ಮುಳುಗ್ತು. ಆಪರೇಷನ್ ಆದ ಅಮ್ಮನಿಗೆ ಅಂತ ನಿಮ್ಮ ಜೆರ್ಸಿ ಹಾಲೇ ಬೇಕು ಅಂದಿದ್ದೆ."

"ನನ್ನ ಪಾತ್ರೆಗೂ ಒಂದ್ಸಲ ಮುಳುಗಿಸಪ್ಪಾ," ಎಂದ ಸಾಲಿನಲ್ಲಿದ್ದ ದರ್ಜಿ. "ಇಷ್ಟು ದಿನ ಬಾವಿಗೇ ದುಡ್ಡು ಕೊಟ್ಟಿದ್ದೀನೋ ಏನೋ!"

ಎಲ್ಲರೂ ನಕ್ಕರು. ಒಂದು ಮಾತಿಗೆ ನಾಲ್ಕು ಕೊಡುವ ಹೆಂಗಸು ಅಂದು ಮೂಲೆಯಲ್ಲಿ ಮೆಲುಕು ಹಾಕುತ್ತಿದ್ದ ಕಂದು ಜೆರ್ಸಿ ಹಸುವಿನ ಕಡೆ ನೋಡಿದಳು, ಅಷ್ಟೇ. ಸತ್ಯ ಚುಚ್ಚಿತು ಎಂದುಕೊಂಡು ಗುಮಾಸ್ತ ಖಾಲಿ ಪಾತ್ರೆಯೊಂದಿಗೆ ಮನೆಗೆ ನಡೆದ.

ಮಾರನೆಯ ದಿನ ಡೇರಿಯಲ್ಲಿ ಹಾಲು ಪರೀಕ್ಷೆ ಮಾಡುವವನು ಕೆಮ್ಮಿನ ಔಷಧಿಗೆ ಬಂದಾಗ, ಗುಮಾಸ್ತ ತನ್ನ ಪತ್ತೇದಾರಿಕೆಯನ್ನೆಲ್ಲ ಹೇಳಿಕೊಂಡ.

"ಕೆನೆ ಎಷ್ಟು ಕಟ್ತಿತ್ತು?"

"ಬೆರಳು ದಪ್ಪ. ಅಮ್ಮ ಚಮಚದಲ್ಲಿ ಕೆರೆದು ಕೆರೆದು ತಿಂತಿದ್ರು."

ಅವನು ಕೆಮ್ಮುತ್ತಲೇ ನಕ್ಕುಬಿಟ್ಟ. "ನೀರು ಹಾಕಿದ್ರೆ ಬೆರಳು ದಪ್ಪ ಕೆನೆ ಎಲ್ಲಿಂದ ಬರುತ್ತೆ ಸ್ವಾಮೀ? ಕೆನೆ ಹಗುರ. ಅದು ವಿಪರೀತ ಇದ್ರೂ ಕಡ್ಡಿ ಮುಳುಗುತ್ತೆ. ಜೆರ್ಸಿ ಹಾಲೂ ಸುಮ್ಮಸುಮ್ಮನೆ ಅಷ್ಟು ಗಟ್ಟಿ ಇರಲ್ಲ. ಹಿಂಡಿ ಹಿಂಡಿ ಕೆಚ್ಚಲಲ್ಲಿ ಕೊನೇಗೆ ಉಳಿಯುತ್ತಲ್ಲ, ಆ ಧಾರೆ ಮಾತ್ರ ಹಾಗೆ. ಪುಣ್ಯಾತ್ಗಿತ್ತಿ ಅದನ್ನ ನಿಮ್ಮ ತಾಯಿಗೇ ಅಂತ ಬೇರೆ ಹಿಂಡಿ ಇಡ್ತಿದ್ದಿರಬೇಕು."

ಗುಮಾಸ್ತನಿಗೆ ರಾತ್ರಿಯಿಡೀ ನಿದ್ದೆ ಹತ್ತಲಿಲ್ಲ. ಎಲ್ಲರೆದುರು ಆಡಿದ ಮಾತನ್ನು ಎಲ್ಲರೆದುರೇ ಹಿಂದಕ್ಕೆ ತೆಗೆದುಕೊಳ್ಳಬೇಕು ಎಂದು ಬೆಳಿಗ್ಗೆ ಗಟ್ಟಿ ಮನಸ್ಸು ಮಾಡಿ ಹೋದ. ಅದೇ ಬಾಗಿಲು, ಅದೇ ಸಾಲು, ಅದೇ ದರ್ಜಿ. ಆದರೆ ತನ್ನ ಸರದಿ ಬಂದಾಗ ಗುಮಾಸ್ತ ಬಗ್ಗಿ, ಆಕೆಗಷ್ಟೇ ಕೇಳುವಂತೆ ಪಿಸುಗುಟ್ಟಿದ.

"ತಪ್ಪಾಯ್ತಕ್ಕಾ. ಕೊನೇ ಧಾರೆ ಅಂತ ಗೊತ್ತಿರ್ಲಿಲ್ಲ."

"ಏನಂತೆ?" ದರ್ಜಿ ಕತ್ತು ಚಾಚಿದ. "ನಮಗೂ ಕೇಳೋ ಹಾಗೆ ಹೇಳಪ್ಪಾ!"

ಗುಮಾಸ್ತ ದರ್ಜಿಯ ಕಡೆ ತಿರುಗದೆ ಪಾತ್ರೆಯನ್ನು ಮುಂದೆ ಚಾಚಿದ. ಹಾಲಿನಾಕೆ ಒಂದು ಗಳಿಗೆ ಕಾದಳು. ಆಮೇಲೆ ಕಂದು ಹಸುವಿನ ಕೊನೇ ಧಾರೆಯನ್ನು ಬೇರೆ ಹಿಂಡಿಟ್ಟಿದ್ದ ಚೊಂಬನ್ನು ಎತ್ತಿ, ಉಳಿದ ಹಸುಗಳ ಹಾಲಿದ್ದ ದೊಡ್ಡ ಕ್ಯಾನಿಗೆ ಸುರಿದು, ಚೆನ್ನಾಗಿ ಕಲಕಿ, ಅವನ ಪಾತ್ರೆಗೆ ಅಳೆದು ಹಾಕಿದಳು.

"ತಗೊಳ್ಳಿ ಸಾರ್. ಇನ್ಮೇಲೆ ನಿಮ್ಮ ಕಡ್ಡಿ ಸರಿಯಾಗಿ ನಿಲ್ಲುತ್ತೆ."

ಅಂದು ಸಂಜೆ ಅಮ್ಮ ಚಮಚ ಹಿಡಿದು ಪಾತ್ರೆಯೊಳಗೆ ಬಗ್ಗಿ ನೋಡಿದರು. "ಕೆನೆ ಎಲ್ಲೋ, ಮಗಾ?"

ಅವನು ಬೆಳಿಗ್ಗೆ ಒಂದು ಲೋಟ ಹಾಲು ತೆಗೆದು ಅಡುಗೆಮನೆಯ ಕಟ್ಟೆಯ ಮೇಲೆ ಇಟ್ಟಿದ್ದ. ಅದರಲ್ಲಿ ಗಾಜಿನ ಕಡ್ಡಿ ನೆಟ್ಟಗೆ ನಿಂತಿತ್ತು, ಸರಿಯಾಗಿ ಗೆರೆಯ ಮೇಲೆ, ಕೂದಲೆಳೆಯಷ್ಟೂ ಆಚೀಚೆ ಇಲ್ಲದೆ.