ಗೋಡೆಯ ಮೇಲಿನ ಲೋಟ

ಶಿವನಂಜಮ್ಮ ಕಾಂಪೌಂಡ್ ಗೋಡೆಯ ಮೇಲೆ ಮೂರು ಲೋಟ ತಂದಿಟ್ಟಳು. ಮೂರರಲ್ಲೂ ಕಾಫಿ ಮುಕ್ಕಾಲು ಪಾಲು ಹಾಗೇ ಉಳಿದು, ಆರಿ ಕೆನೆ ಕಟ್ಟಿತ್ತು.

"ನೋಡಿ ಪಂಕಜಮ್ನೋರೆ, ಒಂದೊಂದು ಗುಟುಕು ಕುಡುದು ಅಂಗೇ ಬುಟ್ಟೋದ್ರು. ನಮ್ಮೆಜಮಾನ್ರ ಆಫೀಸರು, ಜೊತೇಲಿ ಇನ್ನಿಬ್ರು. ಇವ್ರ ಮುಖ ನೋಡ್ಬೇಕಾಗಿತ್ತು ನೀವು. ಇನ್ಮೇಲೆ ಯಾರಾದ್ರೂ ಬಂದ್ರೆ ಹೋಟ್ಲಿಂದ ಕೂಜಾದಲ್ಲಿ ತರಿಸ್ತೀನಿ, ನೀನು ಒಲೆ ಹತ್ರಕ್ಕೆ ಹೋಗ್ಬೇಡ ಅಂದ್ಬುಟ್ರು." ಹೇಳುವಷ್ಟರಲ್ಲಿ ಅವಳ ಕಣ್ಣು ತುಂಬಿಕೊಂಡಿತು.

ಗೋಡೆಯ ಈಚೆ ಹೂ ಬಿಡಿಸುತ್ತಿದ್ದ ಪಂಕಜಮ್ಮನ ಕೈ ನಿಂತಿತು. ಒಂದು ತಿಂಗಳಿಂದ ಪಕ್ಕದ ಮನೆಯವಳಿಗೆ ಕಾಫಿ ಮಾಡುವುದನ್ನು ಕಲಿಸುತ್ತಿದ್ದ ಗುರು ತಾನೇ ಅಲ್ಲವೇ? ಹೂಟಗಳ್ಳಿಯ ಶಿವನಂಜಮ್ಮ, ಗಂಡ ಮರಿಸ್ವಾಮಿಗೆ ಗುಮಾಸ್ತೆ ಕೆಲಸ ಸಿಕ್ಕಿ ಸರಸ್ವತಿಪುರಂನ ಈ ಬಾಡಿಗೆ ಮನೆಗೆ ಬರುವವರೆಗೂ ಪುಡಿಗೆ ಬೆಲ್ಲ ಹಾಕಿ ಪಾತ್ರೆಯಲ್ಲಿ ಕುದಿಸಿದ್ದನ್ನೇ ಕಾಫಿ ಅಂದುಕೊಂಡಿದ್ದವಳು. ಬೀಜ ಎಷ್ಟು ಹುರಿದರೆ ಸಾಕು, ಪುಡಿಯನ್ನು ಫಿಲ್ಟರಿನಲ್ಲಿ ಎಷ್ಟು ಅದುಮಬೇಕು, ಹಾಲು ಎಷ್ಟು ಕಾಯಬೇಕು, ಪಂಕಜಮ್ಮ ಒಂದನ್ನೂ ಬಚ್ಚಿಡದೆ ಹೇಳಿಕೊಟ್ಟಿದ್ದಳು. ಆದರೆ ಮಾಡಿದ ಕಾಫಿ ಹೇಗಿದೆ ಎಂದು ಹೇಳಬೇಕಾದರೆ ಕುಡಿಯಬೇಕಲ್ಲ!

ಅಲ್ಲೇ ಇದ್ದದ್ದು ತೊಡಕು. ಬೇರೆ ಜಾತಿಯವರ ಮನೆಯ ಒಲೆಯಿಂದ ಇಳಿದದ್ದನ್ನು ಪಂಕಜಮ್ಮ ಹುಟ್ಟಿದಾಗಿನಿಂದ ಬಾಯಿಗಿಟ್ಟವಳಲ್ಲ. ಬೇಡ ಎನ್ನಲು ಮನೆಯಲ್ಲಿ ಅತ್ತೆಯೂ ಇರಲಿಲ್ಲ, ಗಂಡನಂತೂ ಸಿಕ್ಕಸಿಕ್ಕ ಹೋಟೆಲಿಗೆ ನುಗ್ಗುವವನು. ಆದರೂ ಅವಳಿಂದ ಆಗಲಿಲ್ಲ. ಬೆಳಿಗ್ಗೆ ಗೋಡೆಯ ಮೇಲೆ ಬರುತ್ತಿದ್ದ ಲೋಟವನ್ನೆತ್ತಿ ಮೂಸುವಳು, ವಾಲಿಸಿ ಬಣ್ಣ ನೋಡುವಳು, "ಘಮ್ ಅಂತಿದೆ ಕಣ್ರೀ, ಒಳಗೆ ಕೂತು ನಿಧಾನವಾಗಿ ಕುಡೀತೀನಿ" ಎಂದು ಒಯ್ದು ಹಿತ್ತಲಿನ ಕರಿಬೇವಿನ ಬುಡಕ್ಕೆ ಸುರಿದುಬಿಡುವಳು. ಲೋಟ ತೊಳೆದು ಹಿಂದಿರುಗಿಸುವಾಗ "ಫಸ್ಟ್ ಕ್ಲಾಸ್" ಎನ್ನುವಳು.

"ನೀವು ಫಸ್ಟ್ ಕ್ಲಾಸ್ ಅಂತೀರಿ, ಅವ್ರು ನೋಡುದ್ರೆ ಮುಖ ಕಿವುಚ್ತಾರೆ," ಎಂದು ಶಿವನಂಜಮ್ಮ ಮೂಗೊರೆಸಿಕೊಂಡಳು. "ನೀವು ಕೊಟ್ಟಿದ್ದು ಕುಡುದ್ರೆ ಬೇರೆ ತರಾನೇ ಇರ್ತದೆ. ನನ್ ಕೈಯಲ್ಲೇ ಏನೋ ದೋಸ ಅದೆ. ಇನ್ನೊಂದ್ ದಪ ಮಾಡ್ಕೊಂಡು ಬಂದಿವ್ನಿ. ಇಲ್ಲೇ ಕುಡುದು, ಎಲ್ಲಿ ಕೆಟ್ಟೋಯ್ತಾ ಅದೆ ಅಂತ ಹೇಳ್ಬುಡಿ."

ನಾಲ್ಕನೆಯ ಲೋಟ ಗೋಡೆಯ ಮೇಲೆ ಬಂತು, ಬಿಸಿಬಿಸಿ. ಪಂಕಜಮ್ಮ ಅಭ್ಯಾಸದಂತೆ ಮೂಗಿನ ಹತ್ತಿರ ಹಿಡಿದಳು. ಘಮಕ್ಕೆ ಏನೂ ಕೊರತೆಯಿರಲಿಲ್ಲ. ಅತ್ತು ಕೆಂಪಾದ ಎರಡು ಕಣ್ಣು ತನ್ನ ಬಾಯನ್ನೇ ನೋಡುತ್ತಿದ್ದವು. ತಪ್ಪಿಸಿಕೊಳ್ಳಲು ದಾರಿಯಿರಲಿಲ್ಲ. ಕಣ್ಣು ಮುಚ್ಚಿ ಒಂದು ಗುಟುಕು ನುಂಗಿದಳು.

ಉಪ್ಪುಪ್ಪು. ಆ ಮನೆಗೆ ಇನ್ನೂ ನಲ್ಲಿ ಬಂದಿರಲಿಲ್ಲ, ಎಲ್ಲಕ್ಕೂ ಹಿತ್ತಲಿನ ಬಾವಿಯ ಸೌಳು ನೀರೇ. ಬಾವಿಯ ನೀರನ್ನೇ ಕುಡಿದು ಬೆಳೆದವಳ ನಾಲಗೆಗೆ ಅದು ತಿಳಿಯದು, ಮೂಗಿಗಂತೂ ತಿಳಿಯುವುದೇ ಇಲ್ಲ. ಒಂದೇ ಒಂದು ಗುಟುಕಿನ ಕೆಲಸ. ಮೊದಲ ದಿನವೇ ಕುಡಿದಿದ್ದರೆ ಈ ಹೆಂಗಸಿಗೆ ಗಂಡನ ಕೈಲಿ ಮಾತು ಕೇಳುವುದು ತಪ್ಪುತ್ತಿತ್ತು. ಈಗ ಹೇಳಿದರೆ, ತಿಂಗಳಿಡೀ ಕುಡಿದವರಿಗೆ ಇಷ್ಟು ದಿನ ಯಾಕೆ ಗೊತ್ತಾಗಲಿಲ್ಲ ಎಂದು ಕೇಳುತ್ತಾಳೆ. ಹೇಳದಿದ್ದರೆ ಜನ್ಮವೆಲ್ಲ ತನ್ನ ಕೈಯನ್ನೇ ಬೈದುಕೊಳ್ಳುತ್ತಾಳೆ. ನಾಚಿಕೆಯಿಂದ ಪಂಕಜಮ್ಮನ ಕಿವಿ ಬಿಸಿಯಾಯಿತು.

"ನಿಮ್ಮ ಕೈಯಲ್ಲಿ ಏನೂ ದೋಷ ಇಲ್ಲ ಕಣ್ರೀ," ಎಂದಳು ಕೊನೆಗೂ. "ನೀರು ಸೌಳು. ಕಾಫಿಗೆ ನಮ್ಮ ನಲ್ಲೀಲಿ ಹಿಡ್ಕೊಂಡು ಹೋಗಿ."

ಶಿವನಂಜಮ್ಮ ಲೋಟ ನೋಡಿದಳು, ಪಂಕಜಮ್ಮನ ಮುಖ ನೋಡಿದಳು.

"ದಿನಾ ಇದೇ ನೀರಲ್ಲೇ ತಾನೆ ಮಾಡ್ತಿದ್ದದ್ದು?"

ಪಂಕಜಮ್ಮನಿಗೆ ತಲೆಯೆತ್ತಲಾಗಲಿಲ್ಲ.

"ನಿಮ್ಗೆ ಸೀತ ಆಗಿತ್ತೇನೋ," ಎಂದಳು ಶಿವನಂಜಮ್ಮ ಮೆಲ್ಲಗೆ. "ಸೀತ ಆದ್ರೆ ನಾಲ್ಗೆಗೆ ರುಚಿ ಗೊತ್ತಾಗಾಕಿಲ್ಲ."

ನಿಜ ಹೇಳಿ ತಪ್ಪಾಯಿತು ಎನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಹೊತ್ತು ಸಿಗುವುದಿಲ್ಲ ಎಂದು ಪಂಕಜಮ್ಮನಿಗೆ ಗೊತ್ತಿತ್ತು. ಗೊತ್ತಿದ್ದೂ, "ಹೂಂ ರೀ, ಶೀತ. ಬಿಟ್ಟೇ ಇಲ್ಲ ನೋಡಿ," ಎಂದುಬಿಟ್ಟಳು. ಛೀ, ನಾನೂ ಒಬ್ಬ ಮನುಷ್ಯಳೇ ಅನ್ನಿಸಿತು. ಮಧ್ಯಾಹ್ನ ಊಟ ಸೇರಲಿಲ್ಲ. ಶಿವನಂಜಮ್ಮ ಬಿಂದಿಗೆ ತಂದು ಹಿತ್ತಲಿನಲ್ಲಿ ಕರಿಬೇವಿನ ಪಕ್ಕದ ನಲ್ಲಿಯಲ್ಲಿ ನೀರು ಹಿಡಿಯುವಾಗ ಅಡುಗೆಮನೆಯಿಂದ ಹೊರಗೆ ಬರುವ ಧೈರ್ಯವೂ ಆಗಲಿಲ್ಲ.

ಮರುದಿನ ಬೆಳಿಗ್ಗೆ ಪಕ್ಕದ ಮನೆಯಿಂದ ಘಮ ಬಂತು. "ಇನ್ನರ್ಧ ಲೋಟ ಬಗ್ಗುಸಮ್ಮಿ" ಎಂದು ಮರಿಸ್ವಾಮಿ ಕೇಳಿದ್ದೂ ಕೇಳಿಸಿತು. ಪಂಕಜಮ್ಮನಿಗೆ ಕೊಂಚ ಉಸಿರು ಬಂತು. ಇವತ್ತು ಕೊಟ್ಟರೆ ಗೋಡೆಯ ಹತ್ತಿರವೇ ನಿಂತು, ಅವಳ ಕಣ್ಣೆದುರಿಗೇ ಪೂರ್ತಿ ಕುಡಿಯುತ್ತೇನೆ ಎಂದು ಗಟ್ಟಿಮಾಡಿಕೊಂಡು ಹೋಗಿ ನಿಂತಳು.

ಲೋಟ ಬಂತು. ಎತ್ತಿ ಮೂಗಿಗೆ ಹಿಡಿದರೆ ಕಾಫಿಯಲ್ಲ. ಮೆಣಸು, ಶುಂಠಿಯ ಘಾಟಿಗೆ ಕಣ್ಣಲ್ಲಿ ನೀರು ಬಂತು.

"ನಿಮ್ ಸೀತಕ್ಕೆ ಕಸಾಯ," ಎಂದಳು ಶಿವನಂಜಮ್ಮ.

"ಒಳಗೆ ಕೂತು ನಿಧಾನವಾಗಿ..." ತಿಂಗಳ ಅಭ್ಯಾಸದ ನಾಲಗೆ ತಾನಾಗಿ ಅಂದುಬಿಟ್ಟಿತ್ತು.

ಶಿವನಂಜಮ್ಮ ಗೋಡೆಯ ಮೇಲೆ ಎರಡೂ ಮೊಣಕೈ ಊರಿ ನಿಂತಳು.

"ಇಲ್ಲೇ ಕುಡೀರಿ ಪಂಕಜಮ್ನೋರೆ. ಕರಿಬೇವಿನ ಗಿಡಕ್ಕೇನೂ ಸೀತ ಆಗಿಲ್ಲ."