ಏಣಿ ಹತ್ತಿದ ಎಲೆಯಡಿಕೆ ಚೀಲ

ಡಾಕ್ಟರ ಮಾತು ಕೇಳದ ಕೈ ಎಲೆಯಡಿಕೆ ಚೀಲದ ಮಾತು ಕೇಳುತ್ತದೆ ಎಂದರೆ ನಂಬುತ್ತೀರಾ? ಇವತ್ತು ಬೀಗರ ಮನೆಯಲ್ಲಿ ಹೊಗೆಸೊಪ್ಪಿನ ಘಾಟು ಮೂಗಿಗೆ ಬಡಿದದ್ದೇ ತಡ, ಮೊಮ್ಮಗುವನ್ನು ಕೆಳಗಿಳಿಸಿ ಇದನ್ನು ಫೋನಿನಲ್ಲಿ ಒತ್ತುತ್ತಿದ್ದೇನೆ.

ತೊಂಬತ್ತನೇ ಇಸವಿಯ ಆಚೀಚೆ, ನನಗೆ ಹನ್ನೊಂದು ವರ್ಷ. ಕೊಟ್ಟಿಗೆಹಾರದ ತೋಟದಲ್ಲಿ ಕಾಫಿ ಕುಯ್ಯುವಾಗ ಚರಂಡಿಗೆ ಬಿದ್ದು ಅವ್ವನ ಬಲಭುಜದ ಮೂಳೆ ಮುರಿದಿತ್ತು. ಮಂಗಳೂರಿನಲ್ಲಿ ಆಪರೇಷನ್ ಮಾಡಿ ಪ್ಲೇಟು ಕೂರಿಸಿದ್ದರು. ಕಟ್ಟು ಬಿಚ್ಚಿದ ಡಾಕ್ಟರು, “ದಿನಾ ಕೈ ಸ್ವಲ್ಪ ಸ್ವಲ್ಪ ಮೇಲೆತ್ತಬೇಕು. ಇಲ್ಲಾಂದ್ರೆ ಭುಜ ಹಾಗೇ ಹಿಡ್ಕೊಳ್ಳುತ್ತೆ, ಕಾಫಿ ಕೊಂಬೆ ಬಗ್ಗಿಸೋಕೂ ಆಗಲ್ಲ” ಎಂದಿದ್ದರು. ಅವ್ವ ಎತ್ತಲೇ ಇಲ್ಲ. “ಪ್ರಾಣ ಹೋಗುತ್ತೆ ಮಾರಾಯ್ತಿ” ಎಂದು ಕೈಯನ್ನು ಮಡಿಲಲ್ಲಿಟ್ಟುಕೊಂಡು ಕೂರುತ್ತಿದ್ದಳು.

ಎಲೆಯಡಿಕೆಗೆ ಎಡಗೈ ಹಚ್ಚಬಾರದು ಎಂಬುದು ಅವ್ವನ ಕಟ್ಟುನಿಟ್ಟು. ನನಗೆ ಅಷ್ಟೇ ಸಾಕಾಯಿತು. ಗೋಡೆಗೆ ಒರಗಿಸಿದ್ದ ಮೆಣಸು ಕುಯ್ಯುವ ಏಣಿಗೆ ಹೊಗೆಸೊಪ್ಪು ಘಾಟಿಡುವ ಅವಳ ಎಲೆಯಡಿಕೆ ಚೀಲ ನೇತುಹಾಕಿ, ವಾರಕ್ಕೊಂದು ಮೆಟ್ಟಿಲು ಮೇಲೇರಿಸಿದೆ. ಅವ್ವ ನನ್ನನ್ನು ಬೈಯುತ್ತಾ, ಹಲ್ಲು ಕಚ್ಚಿ, ಬಲಗೈ ಬೆರಳುಗಳನ್ನು ಏಣಿಯ ಮೇಲೆ ಒಂದೊಂದಾಗಿ ನಡೆಸಿ ಚೀಲ ತೆಗೆದುಕೊಳ್ಳುತ್ತಿದ್ದಳು.

ಒಂದು ಮಧ್ಯಾಹ್ನ ಚೀಲ ಅವಳ ತಲೆಗಿಂತ ಮೇಲಿತ್ತು. ಅವ್ವ ಬೆವರುತ್ತಾ ಎರಡು ಸಲ ಸೋತಳು. ಮೂರನೇ ಸಲ ಕೈ ನೆಟ್ಟಗೆ ಮೇಲೆ ನಿಂತಿತು, ಮುಷ್ಟಿಯಲ್ಲಿ ಚೀಲ.

“ನೋಡವ್ವ, ಕೈ ಮೇಲೆ ಹೋಯ್ತು!” ಎಂದು ಕುಣಿದೆ.

“ಮೇಲೆ ಹೋಗಿದ್ದು ನೋಡಿದ್ಯಲ್ಲ, ಬಾ ಇಲ್ಲಿ,” ಎಂದಳು ಅವ್ವ, ಎತ್ತಿದ ಕೈ ಇಳಿಸದೆ. “ನಿನ್ನ ಬೆನ್ನ ಮೇಲೆ ಹ್ಯಾಗೆ ಇಳಿಯುತ್ತೆ ಅಂತಾನೂ ನೋಡುವಂತೆ!”