ಮೂಗಣ್ಣನ ಪರೀಕ್ಷೆ

ನಡುರಾತ್ರಿ ಮೂಗಣ್ಣ ಬಾಗಿಲ ಸಂದಿಗೆ ಕಣ್ಣಿಟ್ಟು ನಿಂತಿದ್ದ. ಒಳಗೆ ಅವನ ಹೆಂಡತಿ ಬೇರೆಯವರ ಡಬ್ಬದಿಂದ ತಮ್ಮ ಅಂಗಡಿಯ ಬಾಟಲಿಗಳಿಗೆ ಎಣ್ಣೆ ತುಂಬಿಸುತ್ತಿದ್ದಳು. ಡಬ್ಬ ಬಗ್ಗಿಸಿ ಹಿಡಿದಿದ್ದವನು ಶಿಷ್ಯ. ಮೂಗಣ್ಣನ ಗಾಣದಲ್ಲೇ ಕೆಲಸ ಕಲಿತು, ಇದೇ ಬೀದಿಯ ಕೊನೆಯಲ್ಲಿ ಸ್ವಂತ ಗಾಣ ಹಾಕಿಕೊಂಡವನು.

ಮೂಗಣ್ಣನೆಂದರೆ ಮಾತು ಬಾರದವನಲ್ಲ. ಅವನು ಮಾತಿಗೆ ನಿಂತನೆಂದರೆ ಗಿರಾಕಿಗಳು ಬಂದ ಕೆಲಸ ಮರೆಯಬೇಕು. ಆ ಹೆಸರು ಬಂದದ್ದು ಮೂಗಿನಿಂದ. ಬಟ್ಟೆಯ ತುದಿಗೆ ನಾಲ್ಕು ಹನಿ ಹಾಕಿ ಮೂಸಿದರೆ ಸಾಕು, ಶೇಂಗಾ ಹೊಸದೋ ಹಳೆಯದೋ, ಗಾಣ ಅವಸರಕ್ಕೆ ತಿರುಗಿ ಬಿಸಿಯಾಗಿತ್ತೋ, ಎಲ್ಲ ಹೇಳಿಬಿಡುತ್ತಿದ್ದ.

"ಮರದ ಗಾಣ ನಿಧಾನ ತಿರುಗ್ಬೇಕು. ಎಣ್ಣೆಗೆ ಬಿಸಿ ತಾಗಬಾರ್ದು. ಆಗ್ಲೇ ಕಾಳಿನ ಘಮ ಉಳಿಯೋದು. ಕಾರ್ಖಾನೆಯವರು ಕಾಸಿ, ತೊಳೆದು, ಘಮ ತೆಗೆದುಬಿಡ್ತಾರೆ. ಮೂಸಿದಾಗ ಏನೂ ಬರ್ಲಿಲ್ವೋ, ಅದು ನಮ್ದಲ್ಲ."

ಇದು ಅವನು ಗಿರಾಕಿಗಳಿಗೆ ಹೇಳುವ ಪಾಠ. ಅಂಗಡಿ ನಿಂತದ್ದೇ ಆ ಮಾತಿನ ಮೇಲೆ.

ಅಂಥ ಎಣ್ಣೆ ಈಚೆಗೆ ಅವನೊಡನೆ ಮಾತು ಬಿಟ್ಟಿತ್ತು. ಕಾಳು ಕೊಡುವವನನ್ನು ಬದಲಿಸಿದ. ಗಾಣವನ್ನು ಉಜ್ಜಿ ಉಜ್ಜಿ ತೊಳೆದ. ಏನು ಮಾಡಿದರೂ ಬಾಟಲಿಯಲ್ಲಿ ಘಮವಿಲ್ಲ. ಗಿರಾಕಿಗಳು ಮಾತ್ರ, "ನಡುವೆ ಏನೋ ಆಗಿತ್ತು ಮೂಗಣ್ಣ, ಈಗ ಮತ್ತೆ ಮೊದಲಿನ ಹಾಗಿದೆ," ಎಂದು ಹೊಗಳಿ ಒಯ್ಯುತ್ತಿದ್ದರು. ಪಾಪ, ನಾಲಿಗೆ ಸತ್ತವರು. ಕಾಲವೇ ಕೆಟ್ಟಿತ್ತು ಬಿಡಿ. ಚಹಾಕ್ಕೆ ರುಚಿಯಿಲ್ಲ, ಹಣ್ಣಿಗೆ ಸವಿಯಿಲ್ಲ. ಊರಿನ ಹಾಳಾದ ಎಣ್ಣೆಯನ್ನೆಲ್ಲ ಕೊಳ್ಳುವ ಸಾಬೂನಿನವನು ಯಾಕೋ ಮೇಲಿಂದ ಮೇಲೆ ಮನೆಗೆ ಬಂದು ಸಾಬೂನು ಕೊಟ್ಟು ಹೋಗುತ್ತಿದ್ದ. ಆ ಸಾಬೂನಿಗೂ ವಾಸನೆಯಿರಲಿಲ್ಲ.

ಈಗ ಎಲ್ಲ ನಿಚ್ಚಳವಾಯಿತು. ಕಟ್ಟಿಕೊಂಡವಳೇ ಕಲಬೆರಕೆ ಮಾಡುತ್ತಿದ್ದಾಳೆ! ಕೂಗಾಡಿದರೆ ಬೀದಿಗೆಲ್ಲ ಗೊತ್ತಾಗಿ ಅಂಗಡಿಯ ಮಾನ ಹೋಗುತ್ತದೆ. ಸುಮ್ಮನಿದ್ದರೆ ನಂಬಿ ಬಂದವರಿಗೆ ಮೋಸ. ಕೈಕಾಲು ಕಟ್ಟಿಹಾಕಿದಂತಾಗಿ ಮೂಗಣ್ಣ ಬಾಗಿಲಿಗೆ ಒರಗಿದ. ಅಗುಳಿ ಹಾಕಿರಲಿಲ್ಲ, ಬಾಗಿಲು ತೆರೆದುಕೊಂಡಿತು.

"ಮಲಗಿಲ್ವಾ ನೀವು?" ಹೆಂಡತಿ ತಟ್ಟನೆ ತಿರುಗಿದಳು.

"ನಾನು ಹಿಂಡಿದ ಎಣ್ಣೆ ಎಲ್ಲಿ?"

ಅವಳು ಕೈಲಿದ್ದ ಬಾಟಲಿಯನ್ನು ಕೆಳಗಿಟ್ಟಳು.

"ಅಣ್ಣ, ಇದೂ ಗಾಣದ್ದೇ," ಎಂದ ಶಿಷ್ಯ. "ನೀವು ಹೇಳ್ಕೊಟ್ಟ ಹಾಗೇ ಹಿಂಡಿದ್ದು."

"ನನಗೇ ಪಾಠ ಹೇಳ್ತೀಯೇನೋ? ಕಾರ್ಖಾನೆ ಎಣ್ಣೆ ತಂದು ನನ್ನ ಹೆಸರಿಗೆ ಮಸಿ ಬಳಿತಿದ್ದೀರಾ ಇಬ್ರೂ?"

"ನಿಮ್ಮ ಹೆಸರು ಉಳೀಲಿ ಅಂತಾನೇ ರೀ..." ಎಂದಳು ಹೆಂಡತಿ. "ಹೇಗೆ ಹೇಳ್ಲಿ ನಿಮಗೆ?"

"ನೀನೇನೂ ಹೇಳ್ಬೇಡ. ಎಣ್ಣೆನೇ ಹೇಳುತ್ತೆ."

ಗಾಣದ ಸರಪಳಿಯ ತುಕ್ಕು ತೆಗೆಯಲು ಬೆಳಿಗ್ಗೆ ಅವಳು ಬಳಸಿದ್ದ ಬಟ್ಟೆ ಅಲ್ಲೇ ಬಿದ್ದಿತ್ತು. ಮೂಗಣ್ಣ ಅದನ್ನೇ ಎಳೆದುಕೊಂಡ.

"ಅಯ್ಯೋ, ಆ ಬಟ್ಟೆ ಬೇಡ..."

"ಬಾಯ್ಮುಚ್ಚು!"

ಡಬ್ಬದಿಂದ ನಾಲ್ಕು ಹನಿ ಹಾಕಿಕೊಂಡು, ಬಟ್ಟೆಯನ್ನು ಮೂಗಿಗೆ ಒತ್ತಿ, ಕಣ್ಣು ಮುಚ್ಚಿ ಉಸಿರೆಳೆದ. ಎದುರಿಗಿದ್ದ ಶಿಷ್ಯ ಮೂಗಿಗೆ ಕೈ ಅಡ್ಡ ಹಿಡಿದು ತಲೆ ತಗ್ಗಿಸಿದ.

"ನೋಡಿ!" ಗೆದ್ದವನ ದನಿಯಲ್ಲಿ ಕೂಗಿದ ಮೂಗಣ್ಣ. "ಘಮವೂ ಇಲ್ಲ, ನಾತವೂ ಇಲ್ಲ. ನೀರು ಮೂಸಿದ ಹಾಗಿದೆ. ಈಗ ಏನಂತೀರಿ?"

ಹೆಂಡತಿ ಹತ್ತಿರ ಬಂದು, ಮಗುವಿನ ಕೈಯಿಂದ ಬಿಡಿಸಿಕೊಳ್ಳುವಂತೆ ಆ ಬಟ್ಟೆಯನ್ನು ಮೆಲ್ಲಗೆ ಬಿಡಿಸಿಕೊಂಡಳು.

"ಇದು ಸೀಮೆಎಣ್ಣೆಯಲ್ಲಿ ಅದ್ದಿದ ಬಟ್ಟೆ ರೀ."